ದೇವರಾಜ ಮಾರ್ಕೆಟ್: ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಇಲ್ಲಿಗೆ ಬಂದದ್ದು ಹೇಗೆ?

ಮೈಸೂರಿನಲ್ಲಿ ಯಾರನ್ನು ಕೇಳಿದರೂ ದೇವರಾಜ ಮಾರ್ಕೆಟ್ ಬಗ್ಗೆ ಹೇಳಲು ಏನಾದರೂ ಇರುತ್ತದೆ. ಬೀಳುವ ಕಟ್ಟಡ, ಕೆಡವಿ ಹೊಸದು ಕಟ್ಟಲಿ ಎಂದು ಕೆಲವರು. ಅದು ಹೋದರೆ ಮೈಸೂರೇ ಹೋದ ಹಾಗೆ ಎಂದು ಇನ್ನು ಕೆಲವರು. ಆದರೆ ಈಗ ವಿಷಯ ಎಲ್ಲಿಗೆ ಬಂತು ಎಂದು ಕೇಳಿ ನೋಡಿ, ಬಹಳ ಜನ ತಡವರಿಸುತ್ತಾರೆ. ಒಂದು ಸಮಿತಿ, ಒಂದು ವರದಿ, ಕೋರ್ಟು, ಮತ್ತೊಂದು ಸಮಿತಿ. ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಎಳೆಗಳು ಸಿಕ್ಕು ಬಿದ್ದಿವೆ. ಅದನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಊರಿನ ಕಥೆ. ಮೈಸೂರು ಹಳೆಯದನ್ನು ಹಾಗೇ ಇಟ್ಟುಕೊಂಡು ಬೆಳೆದ ಊರಲ್ಲ. 1897ರಲ್ಲಿ ಮರದ ಅರಮನೆ ಬೆಂಕಿಗೆ ಹೋಯಿತು. ಅದೇ ಜಾಗದಲ್ಲಿ ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ಕ್ಕೆ ಎದ್ದು ನಿಂತಿತು. ಪ್ಲೇಗ್ ಬಂದ ಮೇಲೆ ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ, ಅಗಲ ರಸ್ತೆಯ ಹೊಸ ಬಡಾವಣೆ ಮಾಡಲು 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ದೇಶದಲ್ಲೇ ಇಂಥ ಮೊದಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ನಾವು ಇವತ್ತು 'ಪಾರಂಪರಿಕ ನಗರ' ಎನ್ನುವುದು ಆವತ್ತಿನ ಪುನರಾಭಿವೃದ್ಧಿಯೇ. ಇದನ್ನು ಮರೆತರೆ ಚರ್ಚೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ.

ಮಾರ್ಕೆಟ್ ಕೂಡ ಅದೇ ಕಾಲದ್ದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ ರೂಪ ಪಡೆಯಿತು. ಪಕ್ಕದ ಸಯ್ಯಾಜಿರಾವ್ ರಸ್ತೆ ದಿವಾನ್ ಪೂರ್ಣಯ್ಯನ ನಾಲೆ ಹೋಗುತ್ತಿದ್ದ ಜಾಗ ಎಂದು ಊರಿನ ಹಿರಿಯರು ಹೇಳುತ್ತಾರೆ. ತೆಂಕಣ ತುದಿಯಲ್ಲಿ ವೈಸರಾಯ್ ಡಫರಿನ್ ನೆನಪಿಗೆ ಕಟ್ಟಿದ ಚಿಕ್ಕ ಗಡಿಯಾರ, ಬಡಗಣ ತುದಿಯಲ್ಲಿ ಧನ್ವಂತರಿ ರಸ್ತೆ. ಈ ಎರಡರ ನಡುವೆ ಮೂರೂವರೆ ಎಕರೆಗೂ ಸ್ವಲ್ಪ ಜಾಸ್ತಿ ಜಾಗ, 700ಕ್ಕೂ ಜಾಸ್ತಿ ಮಳಿಗೆ. ಹೊರಸಾಲು ರಸ್ತೆಗೆ ಮುಖ ಮಾಡಿದೆ. ಮೈಸೂರು ಪಾಕನ್ನು ಮೊದಲು ಮಾಡಿದರು ಎನ್ನುವ ಅರಮನೆ ಅಡುಗೆಯವರು ಕಾಕಾಸುರ ಮಾದಪ್ಪನವರ ಮನೆತನದ ಗುರು ಸ್ವೀಟ್ಸ್ ಇರುವುದು ಆ ಸಾಲಿನಲ್ಲೇ. ಒಳಗೆ ಹೋದರೆ ಬೇರೆಯದೇ ಲೋಕ. ಹೂವಿನ ಸಾಲು, ಬಾಳೆಹಣ್ಣಿನ ಸಾಲು, ವೀಳ್ಯದೆಲೆ, ತರಕಾರಿ, ಗೋಪುರದಂತೆ ಪೇರಿಸಿದ ಕುಂಕುಮ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಈರನಗೆರೆ ಬದನೆ. ಮೊದಲ ಮೂರಕ್ಕೆ ಭೌಗೋಳಿಕ ಸೂಚಕ, ಅಂದರೆ ಇದು ಈ ಊರಿನದೇ ಎಂಬ ಕಾನೂನಿನ ಗುರುತು, ಸಿಕ್ಕಿದೆ. ಈ ನಾಲ್ಕನ್ನೂ ಒಂದೇ ಸೂರಿನಡಿ ಹುಡುಕಬಹುದಾದ ಜಾಗ ಇದು. ಗೌರಿ ಹಬ್ಬದ ಹಿಂದಿನ ದಿನ ಅಮ್ಮನ ಸೆರಗು ಹಿಡಿದು ಆ ಸಾಲುಗಳಲ್ಲಿ ನುಗ್ಗಿದ ನೆನಪು ಮೈಸೂರಿನ ಬಹಳ ಮಂದಿಗೆ ಇರುವ ಹಾಗೆ ನನಗೂ ಇದೆ.

ಆಮೇಲಿನ ನೂರಕ್ಕೂ ಜಾಸ್ತಿ ವರ್ಷಗಳನ್ನು ಒಂದೇ ಸಾಲಿನಲ್ಲಿ ಹೇಳಿಬಿಡಬಹುದು: ರಾಜರ ಕಾಲ ಹೋಯಿತು, ಕಟ್ಟಡ ಪಾಲಿಕೆಗೆ ಬಂತು, ವ್ಯಾಪಾರ ಬೆಳೆಯಿತು, ರಿಪೇರಿ ಬೆಳೆಯಲಿಲ್ಲ.

ಅಲ್ಲಿಂದ ಮುಂದಿನದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2012ರ ಆಗಸ್ಟ್ 25, ಶನಿವಾರ. ಜಗನ್ಮೋಹನ ಅರಮನೆಯ ಕಡೆಗಿರುವ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ಅದು 1892ರ ಕಟ್ಟಡ, ವೈಸರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ ಕಟ್ಟಿದ್ದು. ಹಳೆ ಪುಸ್ತಕದಂಗಡಿಗಳು ಇದ್ದ ಜಾಗ. ಪಠ್ಯಪುಸ್ತಕವನ್ನು ಅರ್ಧ ಬೆಲೆಗೆ ಕೊಂಡು, ವರ್ಷದ ಕೊನೆಗೆ ಕಾಲು ಬೆಲೆಗೆ ಅಲ್ಲೇ ಮಾರುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ. ಅಂದು ನಾಲ್ಕು ಜನ ಸತ್ತರು. ಅಲ್ಲಿಯವರೆಗೆ 'ಪಾರಂಪರಿಕ ಕಟ್ಟಡ' ಅಂದರೆ ದಸರಾ ದೀಪಾಲಂಕಾರದ ಮಾತಾಗಿತ್ತು. ಆಮೇಲೆ ಅದು ಜೀವದ ಪ್ರಶ್ನೆಯಾಯಿತು. ಕೆಡವಬೇಕು ಎನ್ನುವವರ ಮಾತಿಗೆ ತೂಕ ಬಂದದ್ದು ಆ ದಿನದಿಂದ. ಆ ತೂಕವನ್ನು ಯಾರೂ ಹಗುರ ಮಾಡಬಾರದು.

ನಾಲ್ಕು ವರ್ಷದ ನಂತರ ದೇವರಾಜ ಮಾರ್ಕೆಟ್ಟಿನ ಸರದಿ. 2016ರ ಆಗಸ್ಟ್ 28ರ ಭಾನುವಾರ ಧನ್ವಂತರಿ ರಸ್ತೆ ಕಡೆಯ ಬಡಗಣ ಭಾಗ ಕುಸಿದು ಬಿತ್ತು. ನೋವಿನ ಸಂಗತಿ ಎಂದರೆ, ಅದು ಬಿದ್ದದ್ದು ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ. ಎಷ್ಟೋ ವರ್ಷ ಕಾದು ಕೊನೆಗೂ ಕೈ ಹಾಕಿದ ಕೆಲಸ ಅಲ್ಲಿಗೆ ನಿಂತಿತು. ಆಮೇಲೆ ಊರಿನಲ್ಲಿ ಎರಡು ಪಕ್ಷ ಗಟ್ಟಿಯಾದವು.

ಈ ಕಟ್ಟಡಗಳು ಯಾಕೆ ಬೀಳುತ್ತವೆ? ಇದು ಗೊತ್ತಾದರೆ ಅರ್ಧ ಜಗಳ ಅರ್ಥವಾಗುತ್ತದೆ. ಆ ಕಾಲದ ಕಟ್ಟಡಗಳು ದಪ್ಪ ಇಟ್ಟಿಗೆ ಗೋಡೆ, ಸುಣ್ಣದ ಗಾರೆಯವು. ಎಷ್ಟೋ ಕಡೆ ಮೇಲೆ ಮದ್ರಾಸ್ ತಾರಸಿ: ಮರದ ತೊಲೆ, ಅದರ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿದ ಸಾಲು, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಗಚ್ಚು. ಸುಣ್ಣದ ಗೋಡೆ ಮಳೆಗಾಲದಲ್ಲಿ ನೀರು ಹೀರಿ, ಬಿಸಿಲು ಬಂದಾಗ ಒಣಗುತ್ತದೆ. ಬಿರುಕು ಬಿಟ್ಟ ಕಡೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಗೆ ಬರಲು ದಾರಿಯಿಲ್ಲ. ಗೋಡೆ ಒಳಗಿನಿಂದಲೇ ಪುಡಿಯಾಗುತ್ತದೆ. ತಾರಸಿ ಸೋರಿದರೆ ನೀರು ಮೊದಲು ಹೋಗುವುದು ತೊಲೆಯ ತುದಿಗೆ, ಅಂದರೆ ಅದು ಗೋಡೆಯೊಳಗೆ ಕೂತಿರುವ ಜಾಗಕ್ಕೆ. ಅಲ್ಲಿ ಮರ ಕೊಳೆತದ್ದು ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಇದರ ಮೇಲೆ ತಾರಸಿಯಲ್ಲಿ ಬೆಳೆದ ಅರಳಿ ಗಿಡ, ಕಟ್ಟಿಕೊಂಡ ನೀರಿನ ಕೊಳವೆ, ಮಳಿಗೆ ದೊಡ್ಡದು ಮಾಡಲು ಕೊರೆದ ಗೋಡೆ, ಒಡೆದ ಚರಂಡಿ ಎಲ್ಲ ಸೇರಿಕೊಳ್ಳುತ್ತವೆ. ನೂರು ವರ್ಷದ ಕಟ್ಟಡಕ್ಕೆ ವಯಸ್ಸೇ ರೋಗವಲ್ಲ. ಹೆಚ್ಚಿನ ಸಲ ರೋಗ ಸೋರುವ ನೀರು.

ಈ ಕೆಲಸ ಗೊತ್ತಿರುವ ಗಾರೆಯವರು ಕಡಿಮೆಯಾಗುತ್ತಿದ್ದಾರೆ ಎನ್ನುವುದೂ ನಿಜ. ಸುಣ್ಣವನ್ನು ವಾರಗಟ್ಟಲೆ ನೆನೆಸಿಟ್ಟು, ಅರೆದು, ಹದ ನೋಡಿ ಹಚ್ಚುವ ಕೈಗಳು ಬೇಕು. ಸರಕಾರಿ ಟೆಂಡರಿನಲ್ಲಿ ಕಡಿಮೆ ದರ ಹಾಕಿದವರಿಗೆ ಕೆಲಸ ಹೋಗುತ್ತದೆ. ಆ ಕೈಗಳು ಅವರ ಹತ್ತಿರ ಇರಬೇಕಲ್ವಾ?

2016ರ ನಂತರ ವರದಿಗಳ ಕಾಲ ಬಂತು. ಒಂದು ಕಡೆಯ ತಜ್ಞರು, ಕಟ್ಟಡ ಪೂರ್ತಿ ಶಿಥಿಲ, ದುರಸ್ತಿಗೆ ಹಣ ಹಾಕುವುದು ದಂಡ, ಕೆಡವಿ ಅದೇ ಶೈಲಿಯಲ್ಲಿ ಮತ್ತೆ ಕಟ್ಟುವುದೇ ದಾರಿ ಎಂದರು. ಇನ್ನೊಂದು ಕಡೆ ಪರಂಪರೆ ಉಳಿಸಲು ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆ, ಕಟ್ಟಡ ಉಳಿಸಬಹುದು, ಬಿದ್ದ ಭಾಗ ಮಾತ್ರ ಕಟ್ಟಿ ಉಳಿದದ್ದನ್ನು ಗಟ್ಟಿ ಮಾಡಿ ಎಂದಿತು. ರಾಜಮನೆತನದ ಪ್ರಮೋದಾದೇವಿ ಒಡೆಯರ್ ಕೂಡ ಕೆಡವುವುದು ಬೇಡ ಎಂದರು. ಒಂದೇ ಗೋಡೆಯನ್ನು ನೋಡಿ ಎರಡು ತೀರ್ಮಾನ. ಸಾಮಾನ್ಯ ಜನಕ್ಕೆ ಗೊಂದಲವಾಗದೆ ಇನ್ನೇನಾಗುತ್ತದೆ? ನನಗೆ ಅನಿಸುವುದು, ಇಬ್ಬರೂ ಕೇಳಿಕೊಂಡ ಪ್ರಶ್ನೆಯೇ ಬೇರೆ ಬೇರೆ. ಒಬ್ಬರು 'ಇವತ್ತು ಇದು ಸುರಕ್ಷಿತವಾ?' ಎಂದು ಕೇಳಿದರು. ಇನ್ನೊಬ್ಬರು 'ಇದನ್ನು ಸುರಕ್ಷಿತ ಮಾಡಬಹುದಾ?' ಎಂದು ಕೇಳಿದರು. ಮೊದಲನೆಯದಕ್ಕೆ ಇಲ್ಲ ಎಂದ ಮಾತ್ರಕ್ಕೆ ಎರಡನೆಯದಕ್ಕೂ ಇಲ್ಲ ಎಂದಾಗುವುದಿಲ್ಲ.

ವಿವಾದ ಹೈಕೋರ್ಟಿಗೆ ಹೋಯಿತು. 2023ರ ಆಗಸ್ಟ್‌ನಲ್ಲಿ ಹೈಕೋರ್ಟ್ ಮಾರ್ಕೆಟ್ ಮತ್ತು ಲ್ಯಾನ್ಸ್‌ಡೌನ್ ಎರಡನ್ನೂ ಕೆಡವಿ ಕಟ್ಟುವ ನಿರ್ಧಾರವನ್ನು ಒಪ್ಪಿತು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಪರಂಪರೆಯ ಪರವಾದ ದನಿಗಳು ಮತ್ತೆ ಎದ್ದವು, ವ್ಯಾಪಾರಿಗಳ ಆತಂಕವೂ ಹಾಗೇ ಉಳಿಯಿತು. ಲ್ಯಾನ್ಸ್‌ಡೌನ್ ದುರಂತವಾಗಿ ಹನ್ನೊಂದು ವರ್ಷ ಆಗ. ಈ ನಡುವೆ 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆ ಕಟ್ಟಡದ ಒಂದು ಭಾಗವೂ ಬಿದ್ದಿತ್ತು. ಚರ್ಚೆ ನಡೆಯುತ್ತಿರುವಾಗ ಕಟ್ಟಡಗಳು ಕಾಯುತ್ತಾ ಕೂರುವುದಿಲ್ಲ.

ಮೈಸೂರಿನಲ್ಲಿ ಪಾರಂಪರಿಕ ಎಂದು ಗುರುತಿಸಿದ ಕಟ್ಟಡಗಳು 200ಕ್ಕೂ ಜಾಸ್ತಿ ಇವೆ. ಜಿಲ್ಲಾಧಿಕಾರಿ ನೇತೃತ್ವದಲ್ಲಿ ಪರಂಪರೆ ಸಮಿತಿ ಇದೆ, ಪರಂಪರೆ ಇಲಾಖೆಯ ಕಚೇರಿಯೂ ಇಲ್ಲೇ ಇದೆ. ಆದರೆ ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಕಾನೂನಿನ ಪ್ರಕಾರ ಸಂರಕ್ಷಿತ ಸ್ಮಾರಕವಾಗುವುದು ಬೇರೆ. ಪಟ್ಟಿ ಸೇರಿದ ಮಾತ್ರಕ್ಕೆ ತಾರಸಿಯ ಗಿಡ ಕೀಳುವವರು ಬರುವುದಿಲ್ಲ. ಕಟ್ಟಡ ಒಬ್ಬರದು, ಅನುಮತಿ ಇನ್ನೊಬ್ಬರದು, ಸಲಹೆ ಮತ್ತೊಬ್ಬರದು, ಬಾಡಿಗೆ ಕಟ್ಟುವವರು ಮಗದೊಬ್ಬರು. ಒಂದು ಹೆಂಚು ಬದಲಿಸಲೂ ಇವರೆಲ್ಲ ಒಂದಾಗಬೇಕು.

ಇನ್ನು ಮಳಿಗೆಯವರ ವಿಷಯ. ಅವರೇ ಅಡ್ಡಿ ಎನ್ನುವ ಮಾತು ಕೇಳಿಬರುತ್ತದೆ. ಬಾಡಿಗೆ ಕಡಿಮೆ, ಅದಕ್ಕೇ ಬಿಡುತ್ತಿಲ್ಲ ಎಂದು. ಬಾಡಿಗೆ ಹೊರಗಿನ ಅಂಗಡಿಗಳಷ್ಟಿಲ್ಲ, ನಿಜವೇ. ಆದರೆ ಅವರ ಭಯವನ್ನೂ ಕೇಳಬೇಕು. ಕೆಡವಿದರೆ ಕಟ್ಟುವವರೆಗೆ ಎಲ್ಲಿ ಕೂರುವುದು? ಹೂವು ಮೂರು ದಿನ ಇಡುವ ಸರಕಲ್ಲ. ಗಿರಾಕಿ ಒಮ್ಮೆ ಬೇರೆ ಕಡೆ ಅಭ್ಯಾಸವಾದರೆ ಮತ್ತೆ ಬರುತ್ತಾರಾ? ಮಳಿಗೆ ಇರುವುದು ಒಬ್ಬರ ಹೆಸರಿನಲ್ಲಿ, ಒಳಬಾಡಿಗೆಗೆ ಕೂತು ವ್ಯಾಪಾರ ಮಾಡುವವರು ಇನ್ನೊಬ್ಬರು. ಹೊಸ ಕಟ್ಟಡ ಎದ್ದ ಮೇಲೆ ಬೀಗದ ಕೈ ಕಾಗದ ಇದ್ದವರಿಗೆ ಹೋಗುತ್ತದೆ. ಜಗಲಿಯ ಕೆಳಗೆ ಬುಟ್ಟಿ ಇಟ್ಟುಕೊಂಡು ನಿಂಬೆಹಣ್ಣು ಮಾರುವ ಅಜ್ಜಿಗೆ ಯಾವ ಕಾಗದವೂ ಇಲ್ಲ. ನಮ್ಮ ಪರಂಪರೆ ನಿಯಮಗಳು ಕಮಾನಿನ ಅಳತೆ, ಗೋಡೆಯ ಬಣ್ಣ ನೋಡುತ್ತವೆ. ಆ ಅಜ್ಜಿಯನ್ನು ನೋಡುವ ನಿಯಮ ನನಗೆ ಇನ್ನೂ ಎಲ್ಲೂ ಸಿಕ್ಕಿಲ್ಲ.

ಕೆಡವಿ ಅದೇ ರೂಪದಲ್ಲಿ ಕಟ್ಟುತ್ತೇವೆ ಎನ್ನುವವರು ಅರಮನೆಯ ಉದಾಹರಣೆ ಕೊಡುವುದುಂಟು. ಅದೂ ಮತ್ತೆ ಕಟ್ಟಿದ್ದೇ ಅಲ್ವಾ ಎಂದು. ಹೌದು. ಆದರೆ ಆ ಅರಮನೆ ಸುಟ್ಟುಹೋಗಿತ್ತು, ನಿಂತಿದ್ದನ್ನು ಕೆಡವಿದ್ದಲ್ಲ. ಕಟ್ಟಲು ಹದಿನೈದು ವರ್ಷ ಹಿಡಿಯಿತು. ಕಲ್ಲು ಕೆತ್ತುವವರು, ಮರ ಕೆತ್ತುವವರು, ಅವರಿಗೆ ಕೊಡುವ ಖಜಾನೆ, ಎಲ್ಲವೂ ಇತ್ತು. ಹೊರಗೆ ಕಮಾನು, ಒಳಗೆ ಕಾಂಕ್ರೀಟು, ಕೆಳಗೆ ಪಾರ್ಕಿಂಗ್ ಎಂಬ ಮಾರ್ಕೆಟ್ಟನ್ನು ಅದರ ಪಕ್ಕದಲ್ಲಿ ಇಟ್ಟು ನೋಡುವುದು ನನಗೆ ಸರಿ ಕಾಣುವುದಿಲ್ಲ.

ಬೆಂಗಳೂರಿನ ರಸೆಲ್ ಮಾರ್ಕೆಟ್ ಇದಕ್ಕೆ ಹತ್ತಿರದ ಉದಾಹರಣೆ. 2012ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದು ಎಷ್ಟೋ ಮಳಿಗೆ ಸುಟ್ಟವು. ಕಟ್ಟಡವನ್ನು ಕೆಡವಲಿಲ್ಲ. ವ್ಯಾಪಾರ ಅಲ್ಲೇ ಮತ್ತೆ ಶುರುವಾಯಿತು. ಅಲ್ಲೂ ಸಮಸ್ಯೆಗಳಿವೆ, ಆದರೆ ಮಾರ್ಕೆಟ್ ಇದೆ.

ಜಂಬೂಸವಾರಿ ಪ್ರತಿ ವರ್ಷ ಸಯ್ಯಾಜಿರಾವ್ ರಸ್ತೆಯಲ್ಲೇ, ಈ ಮಾರ್ಕೆಟ್ಟಿನ ಮುಂದೆಯೇ ಬನ್ನಿಮಂಟಪಕ್ಕೆ ಹೋಗುತ್ತದೆ. ಮೊದಲೆಲ್ಲ ದಾರಿಯ ತಾರಸಿಗಳ ಮೇಲೆ ಜನ ಬೆಳಗಿನಿಂದಲೇ ಜಾಗ ಹಿಡಿದು ಕೂರುತ್ತಿದ್ದರು. ಈಗ ಶಿಥಿಲ ಕಟ್ಟಡ, ಹತ್ತಬೇಡಿ ಎಂದು ಎಚ್ಚರಿಸುತ್ತಾರೆ. ಕಳೆದ ಸಲ ಮಳೆ ಹಿಡಿದಾಗ ನಾನು ಹೂವಿನ ಸಾಲಿನಲ್ಲಿದ್ದೆ. ಅಂಗಡಿಯವರೊಬ್ಬರು ಸ್ಟೂಲು ಹತ್ತಿ ಸೋರುವ ಜಾಗಕ್ಕೆ ಟಾರ್ಪಾಲು ಕಟ್ಟುತ್ತಿದ್ದರು. ಹಗ್ಗವೂ ಅವರದೇ, ಟಾರ್ಪಾಲೂ ಅವರದೇ. ಮೂರು ವರ್ಷದಲ್ಲಿ ಇದು ನಾಲ್ಕನೆಯದು ಎಂದರು. ಕೆಳಗಿಳಿದು, ಕೈ ಒರೆಸಿಕೊಂಡು, ನನಗೆ ಎರಡು ಮಾರು ಮಲ್ಲಿಗೆ ಅಳೆದು ಕೊಟ್ಟರು.