ಅಲುಗಾಡದಿದ್ದರೆ ನೀವಿಲ್ಲ

ಕಚೇರಿಯ ಚಾವಣಿಯಲ್ಲಿ ಹಾಲುಬಿಳುಪಿನ ಒಂದು ಪುಟ್ಟ ಗುಮ್ಮಟ ಅಂಟಿಕೊಂಡಿರುವುದನ್ನು ನೋಡಿರುತ್ತೀರಿ. ಅರ್ಧ ನಿಂಬೆಹಣ್ಣಿನಷ್ಟು ಇರುತ್ತದೆ. ನೀವು ಒಳಗೆ ಕಾಲಿಟ್ಟರೆ ಲೈಟು ಹತ್ತುತ್ತದೆ, ಎದ್ದು ಹೋದರೆ ಸ್ವಲ್ಪ ಹೊತ್ತಿಗೆ ಆರುತ್ತದೆ. ಅದಕ್ಕೆ ಆಕ್ಯುಪೆನ್ಸಿ ಸೆನ್ಸರ್ ಅಂತ ಹೆಸರು. ಕೋಣೆಯಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಅಂತ ಹೇಳುವುದು ಅದರ ಕೆಲಸ. ಹೆಸರೇನೋ ಸರಿ. ಆದರೆ ‘ಇರುವುದು’ ಅಂದರೇನು ಅಂತ ಆ ಸೆನ್ಸರಿಗೆ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ‘ಅಲುಗಾಡುವುದು’ ಮಾತ್ರ.

ಕೆಟ್ಟುಹೋದ ಒಂದನ್ನು ನಾನು ಬಿಚ್ಚಿ ನೋಡಿದ್ದೇನೆ. ಗುಮ್ಮಟ ಬರೀ ತೆಳ್ಳನೆಯ ಪ್ಲಾಸ್ಟಿಕ್ಕು, ಒಳಮೈಯಲ್ಲಿ ಜೇನುಗೂಡಿನ ಹಾಗೆ ಕೋಣೆ ಕೋಣೆ. ಅದರ ಹಿಂದೆ ಅಂಗಿ ಗುಂಡಿಯಷ್ಟಗಲದ ಲೋಹದ ಡಬ್ಬಿ. ಡಬ್ಬಿಯ ನೆತ್ತಿಯಲ್ಲಿ ಕಪ್ಪು ಕಿಟಕಿ. ಕಿಟಕಿಯ ಹಿಂದೆ ಪಕ್ಕಪಕ್ಕದಲ್ಲಿ ಎರಡು ಹರಳಿನ ಚೂರು. ಅಷ್ಟೇ. ಬದಿಯಲ್ಲಿ ತಿರುಗಿಸಲು ಎರಡು ತಿರುಪು: ಒಂದು ಎಷ್ಟು ದೂರ ನೋಡಬೇಕು ಅನ್ನುವುದಕ್ಕೆ, ಇನ್ನೊಂದು ಎಷ್ಟು ಹೊತ್ತು ಕಾಯಬೇಕು ಅನ್ನುವುದಕ್ಕೆ. ಈ ಎರಡನೇ ತಿರುಪಿನ ವಿಷಯ ಆಮೇಲೆ ಹೇಳುತ್ತೇನೆ. ಕಟ್ಟಡದ ಕರೆಂಟ್ ಬಿಲ್ಲಿನ ಜಗಳವೆಲ್ಲ ಅಲ್ಲೇ ಇರುವುದು.

ಮೊದಲು ಹರಳು. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಬೀಳುತ್ತದೆ, ಹಳೇ ಕಾಲದ ಒಂದು ಬಲ್ಬಿನಷ್ಟು. ಅದರಲ್ಲಿ ಒಂದು ಪಾಲು ಬೆಳಕಿನ ರೂಪದಲ್ಲೇ ಹೋಗುತ್ತದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಲ್ಲ, ಅತಿಗೆಂಪು ಬೆಳಕು. ಚರ್ಮದ ಬಿಸಿ ಸುಮಾರು 33 ಡಿಗ್ರಿ ಇದ್ದರೆ, ಆ ಬೆಳಕು ಅತಿ ಹೆಚ್ಚಾಗಿರುವುದು 9.5 ಮೈಕ್ರೋಮೀಟರ್ ಉದ್ದದ ಅಲೆಯ ಆಸುಪಾಸಿನಲ್ಲಿ. ಕಣ್ಣಿಗೆ ಕಾಣುವ ಕೆಂಪಿನ ಅಲೆಗಿಂತ ಹದಿಮೂರು ಪಟ್ಟು ಉದ್ದದ ಅಲೆ. ಅಂದರೆ ನಾವೆಲ್ಲ ರಾತ್ರಿ ಹಗಲು ಉರಿಯುವ ದೀಪಗಳೇ, ನೋಡುವ ಕಣ್ಣು ಬೇರೆ ಬೇಕು ಅಷ್ಟೇ.

ಆ ಕಣ್ಣು ಎಷ್ಟು ಬೇರೆ ಅಂತ ತಿಳಿಯಲು ಒಂದು ಆಟ ಆಡಬಹುದು. ಸೆನ್ಸರಿನ ಮುಂದೆ ಸ್ವಚ್ಛವಾದ ಗಾಜಿನ ಹಲಗೆ ಹಿಡಿಯಿರಿ. ಅದರ ಆಚೆ ಕುಣಿದರೂ ಲೈಟು ಹತ್ತುವುದಿಲ್ಲ. ಗಾಜು ತೆಗೆದು, ಕಪ್ಪು ಪಾಲಿಥೀನ್ ಚೀಲವನ್ನು ತೆಳ್ಳಗೆ ಎಳೆದು ಹಿಡಿಯಿರಿ. ನಿಮ್ಮ ಕಣ್ಣಿಗೆ ಏನೂ ಕಾಣದು, ಸೆನ್ಸರಿಗೆ ನೀವು ಕಾಣುತ್ತೀರಿ! ಈ ಅತಿಗೆಂಪು ಅಲೆಗೆ ಗಾಜು ಗೋಡೆ ಇದ್ದಂತೆ, ಪಾಲಿಥೀನು ಕಿಟಕಿ. ಆ ಗುಮ್ಮಟವನ್ನು ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ಮಾಡುವುದು ಜಿಪುಣತನದಿಂದ ಅಲ್ಲ.

ಹರಳಿನ ಗುಣ ಹಳೆಯದು. 18ನೇ ಶತಮಾನದಲ್ಲಿ ಡಚ್ಚರು ಸಿಲೋನಿನಿಂದ ಟೂರ್ಮಲಿನ್ ಎಂಬ ಕಲ್ಲನ್ನು ಯುರೋಪಿಗೆ ಒಯ್ಯುತ್ತಿದ್ದರು. ಬಿಸಿ ಮಾಡಿದರೆ ಅದು ಬೂದಿಯನ್ನು ಸೆಳೆಯುತ್ತಿತ್ತು. ಹಾಗಾಗಿ ಅದಕ್ಕೆ ‘ಬೂದಿ ಎಳೆಯುವ ಕಲ್ಲು’ ಅಂತಲೇ ಹೆಸರಿಟ್ಟಿದ್ದರು. ಬಿಸಿ ಏರಿಳಿದಾಗ ಇಂಥ ಹರಳುಗಳ ಎರಡು ತುದಿಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ. 1824ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ ಈ ಗುಣಕ್ಕೆ ಪೈರೋಎಲೆಕ್ಟ್ರಿಸಿಟಿ ಅಂತ ಹೆಸರು ಕೊಟ್ಟರು. ಏರಿಳಿದಾಗ ಅಂದೆನಲ್ಲ, ಅದನ್ನು ಗಮನಿಸಿ. ಬಿಸಿ ಎಷ್ಟೇ ಇರಲಿ, ಬದಲಾಗದೆ ಇದ್ದರೆ ಹರಳು ತೆಪ್ಪಗಿರುತ್ತದೆ.

ಎರಡು ಚೂರು ಯಾಕೆ? ಬಿಸಿಲು ಏರಿತು, ಇಡೀ ಕೋಣೆ ಬೆಚ್ಚಗಾಯಿತು ಅಂದುಕೊಳ್ಳಿ. ಆಗ ಎರಡೂ ಚೂರು ಒಟ್ಟಿಗೆ ಬೆಚ್ಚಗಾಗುತ್ತವೆ. ಅವನ್ನು ಉಲ್ಟಾ ಜೋಡಿಸಿರುವುದರಿಂದ ಒಂದರ ವಿದ್ಯುತ್ತನ್ನು ಇನ್ನೊಂದು ಹೊಡೆದುಹಾಕುತ್ತದೆ. ಮನುಷ್ಯ ಅಡ್ಡ ಹಾದರೆ ಮಾತ್ರ ಒಂದು ಚೂರಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಬಿಸಿ ತಾಗುತ್ತದೆ. ಆಗ ಒಂದು ಏರು, ಒಂದು ಇಳಿ. ಸರ್ಕ್ಯೂಟು ಕಾಯುತ್ತಿರುವುದು ಅದಕ್ಕೇ.

ಜೇನುಗೂಡಿನಂಥ ಆ ಪ್ಲಾಸ್ಟಿಕ್ಕು ಫ್ರೆನೆಲ್ ಲೆನ್ಸು. ದಪ್ಪ ಮಸೂರವನ್ನು ಹೋಳು ಮಾಡಿ ಚಪ್ಪಟೆಯಾಗಿ ಜೋಡಿಸುವ ಈ ಉಪಾಯ ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ ಅವರದು. 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಅದನ್ನು ಮೊದಲು ಕೂರಿಸಿದರು. ಅಲ್ಲಿ ಒಂದೇ ದೀಪದ ಬೆಳಕು ಸಮುದ್ರದ ಕಡೆ ಚಿಮ್ಮುತ್ತಿತ್ತು. ಇಲ್ಲಿ ಎಲ್ಲ ಉಲ್ಟಾ. ಹತ್ತಾರು ಮಸೂರಗಳು ಕೋಣೆಯ ಹತ್ತಾರು ಮೂಲೆಗಳ ಬೆಳಕನ್ನು ಒಂದೇ ಹರಳಿನ ಮೇಲೆ ಸುರಿಯುತ್ತವೆ. ಇದರಿಂದ ಕೋಣೆ ಬೀಸಣಿಗೆಯ ಕಡ್ಡಿಗಳ ಹಾಗೆ ಪಟ್ಟಿ ಪಟ್ಟಿಯಾಗಿ ಸೀಳಿಹೋಗುತ್ತದೆ. ನೀವು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಹರಳು ಬೆಚ್ಚುತ್ತದೆ. ಸೆನ್ಸರಿನ ಕಡೆಗೆ ನೇರ ನಡೆದು ಬಂದರೆ ಅದೇ ಪಟ್ಟಿಯೊಳಗೇ ಇರುತ್ತೀರಿ, ಹಾಗಾಗಿ ತಡವಾಗಿ ಗೊತ್ತಾಗುತ್ತದೆ. ಅದಕ್ಕೇ ಬಾಗಿಲಿನ ಎದುರು ಗೋಡೆಗೆ ಸೆನ್ಸರ್ ಹೊಡೆಯುವುದು ಒಳ್ಳೆಯದಲ್ಲ, ಪಕ್ಕದ ಗೋಡೆ ವಾಸಿ. ಕೋಣೆಯೇ 34–35 ಡಿಗ್ರಿ ಕಾದಿದ್ದರಂತೂ ಇನ್ನೂ ಕಷ್ಟ. ಗೋಡೆಗೂ ಚರ್ಮಕ್ಕೂ ಬಿಸಿಯಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ.

ಈಗ ನೀವು ಪುಸ್ತಕ ಹಿಡಿದು ಕೂತಿದ್ದೀರಿ ಅಂತ ಇಟ್ಟುಕೊಳ್ಳಿ. ಬೆರಳು ಮಾತ್ರ ಅಲ್ಲಾಡುತ್ತಿದೆ, ಹತ್ತು ನಿಮಿಷಕ್ಕೊಮ್ಮೆ. ಹರಳಿನ ಲೆಕ್ಕದಲ್ಲಿ ನೀವೂ ಒಂದೇ, ಕುರ್ಚಿಯೂ ಒಂದೇ. ಲೈಟು ಪಟ್ ಅಂತ ಆರುತ್ತದೆ. ಕತ್ತಲಲ್ಲಿ ಕೈ ಬೀಸಿ ಬೀಸಿ ‘ನಾನಿಲ್ಲೇ ಇದ್ದೀನಪ್ಪಾ’ ಅನ್ನಬೇಕು. ಟಾಯ್ಲೆಟ್ಟಿನಲ್ಲಿ ಹೀಗಾದರೆ ಬೀಸಿದರೂ ಪ್ರಯೋಜನವಿಲ್ಲ, ನಡುವೆ ಬಾಗಿಲು.

ಆ ಎರಡನೇ ತಿರುಪು ಇರುವುದು ಇದಕ್ಕೇ. ಕೊನೆಯ ಅಲುಗಾಟ ಕಂಡ ಮೇಲೆ ಎಷ್ಟು ಹೊತ್ತು ಕಾಯಬೇಕು? ಕಡಿಮೆ ಇಟ್ಟರೆ ಜನ ಬೈಯುತ್ತಾರೆ. ಜಾಸ್ತಿ ಇಟ್ಟರೆ ಖಾಲಿ ಕೋಣೆಯಲ್ಲಿ ಲೈಟು ಉರಿಯುತ್ತದೆ. ಅಮೆರಿಕದ ಆಶ್ರೇ ಸಂಸ್ಥೆಯ ಕಟ್ಟಡ ಮಾನದಂಡದಲ್ಲಿ ಮೊದಲು 30 ನಿಮಿಷದ ತನಕ ಕಾಯಬಹುದಿತ್ತು, ಆಮೇಲೆ ಅದನ್ನು 20ಕ್ಕೆ ಇಳಿಸಿದರು. ಯಾರಾದರೂ ಅರ್ಧ ನಿಮಿಷ ಇಣುಕಿ ಹೋದರೂ ಇಪ್ಪತ್ತು ನಿಮಿಷ ಲೈಟು ಉರಿಯಿತು ಅಂತ ಆಯಿತಲ್ಲ. ಸ್ಟೋರ್ ರೂಮಿನಲ್ಲಿ ಇದು ದೊಡ್ಡ ನಷ್ಟ. ಒಂದು ಮಾತು ಹೇಳಲೇಬೇಕು: ಕಾಯುವ ಹೊತ್ತು ಅಂದರೆ ಸೆನ್ಸರಿನ ಕುರುಡುತನಕ್ಕೆ ನಾವು ಕಟ್ಟುವ ದಂಡ. ಸೆನ್ಸರ್ ಚುರುಕಾದಷ್ಟೂ ದಂಡ ಕಡಿಮೆ.

ಇನ್ನೊಂದು ಸುಲಭದ ಉಪಾಯ ಇದೆ, ನನಗಂತೂ ಇದೇ ಇಷ್ಟ. ಲೈಟು ಹಾಕುವುದು ಮನುಷ್ಯ, ಆರಿಸುವುದು ಸೆನ್ಸರ್. ಯಂತ್ರಕ್ಕೆ ಅರ್ಧ ಕೆಲಸ ಮಾತ್ರ. ಕಿಟಕಿಯಿಂದ ಬೆಳಕು ಬರುತ್ತಿದ್ದರೆ ಎಷ್ಟೋ ಜನ ಸ್ವಿಚ್ಚೇ ಮುಟ್ಟುವುದಿಲ್ಲ. ಲೈಟು ಹಾಕುವುದನ್ನೂ ಸೆನ್ಸರಿಗೇ ಬಿಟ್ಟರೆ ಅದು ಹಗಲಿನಲ್ಲೂ ಹಚ್ಚಿಬಿಡುತ್ತದೆ, ಬೇಡ ಅನ್ನಲು ಯಾರೂ ಎದ್ದು ಹೋಗುವುದಿಲ್ಲ.

ಹಾಗಾದರೆ ಉಳಿತಾಯ ಎಷ್ಟು? ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಹಾಕಿ ಲೆಕ್ಕ ಮಾಡಿದ್ದರು. ಇಂಥ ಸೆನ್ಸರುಗಳಿಂದ ದೀಪದ ವಿದ್ಯುತ್ತು ಸರಾಸರಿ 24 ಶೇಕಡಾ ಉಳಿಯುತ್ತದೆ ಅಂತ ಬಂತು. ಪರವಾಗಿಲ್ಲ ಅನ್ನಬಹುದು. ಆದರೆ ಎಲ್‌ಇಡಿ ಬಂದ ಮೇಲೆ ದೀಪದ ಖರ್ಚೇ ಇಳಿದುಹೋಗಿದೆ. ಇಳಿದದ್ದರಲ್ಲಿ ಕಾಲು ಭಾಗ ಉಳಿಸಿ ಏನು ಬಂತು? ಈಗ ಕಣ್ಣಿರುವುದು ಎಸಿ, ಹೀಟರು ಮತ್ತು ಹೊರಗಿನ ಗಾಳಿ ಎಳೆದು ತರುವ ಫ್ಯಾನುಗಳ ಮೇಲೆ. ಜಗತ್ತಿನಲ್ಲಿ ಖರ್ಚಾಗುವ ಶಕ್ತಿಯಲ್ಲಿ ಸುಮಾರು 30 ಶೇಕಡಾ ಕಟ್ಟಡಗಳ ಬಳಕೆಗೇ ಹೋಗುತ್ತದೆ. ಅದರಲ್ಲಿ ಬಿಸಿ–ತಂಪಿನ ಪಾಲು ದೊಡ್ಡದು.

ಅಲ್ಲಿ ಸಮಸ್ಯೆ ಬೇರೆ. ಲೈಟು ಕ್ಷಣದಲ್ಲಿ ಹತ್ತುತ್ತದೆ, ಕೋಣೆ ಕ್ಷಣದಲ್ಲಿ ತಂಪಾಗುವುದಿಲ್ಲ. ಪೂರ್ತಿ ಆರಿಸಿದರೆ ಮತ್ತೆ ಬಂದವರು ಅರ್ಧ ಗಂಟೆ ಬೆವರಬೇಕು. ಹಾಗಾಗಿ ಜನ ಇಲ್ಲದಾಗ ಎಸಿಯನ್ನು ಎರಡು ಮೂರು ಡಿಗ್ರಿ ಸಡಿಲ ಬಿಡುತ್ತಾರೆ ಅಷ್ಟೇ. ಮತ್ತೆ ಗಾಳಿಗೆ ಬೇಕಾದ ಪ್ರಶ್ನೆಯೂ ಬೇರೆ. ಯಾರಾದರೂ ಇದ್ದಾರಾ ಅಂತಲ್ಲ, ಎಷ್ಟು ಜನ ಇದ್ದಾರೆ ಅಂತ. ನಲವತ್ತು ಜನರ ಸಭಾಂಗಣದಲ್ಲಿ ಮೂವರು ಕೂತಿದ್ದರೆ ನಲವತ್ತು ಜನರ ಗಾಳಿ ಯಾಕೆ ಬೇಕು, ಅಲ್ವಾ?

ತಲೆ ಎಣಿಸುವ ಒಂದು ದಾರಿ ಉಸಿರು. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 420ರಷ್ಟು ಕಾರ್ಬನ್ ಡೈಆಕ್ಸೈಡು ಇರುತ್ತದೆ. ನಾವು ಬಿಡುವ ಉಸಿರಿನಲ್ಲಿ ಅದು ಸುಮಾರು 40,000. ಅಲುಗಾಡದೆ ಕೂತರೂ ಉಸಿರಾಡಲೇಬೇಕು, ಹರಳಿನ ಕಣ್ಣು ತಪ್ಪಿಸಿದವನು ಇಲ್ಲಿ ಸಿಕ್ಕಿಬೀಳುತ್ತಾನೆ. ಆದರೆ ನಿಧಾನ! ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆಯಲ್ಲಿ 50,000 ಲೀಟರ್ ಗಾಳಿ. ಕೂತ ಮನುಷ್ಯ ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡು ಬಿಡುತ್ತಾನೆ. ಕೋಣೆ ಪೂರ್ತಿ ಮುಚ್ಚಿದ್ದರೂ ಹತ್ತು ನಿಮಿಷಕ್ಕೆ ಏರುವುದು ಹತ್ತು ಲಕ್ಷಕ್ಕೆ 60 ಮಾತ್ರ. ಸಾಮಾನ್ಯ ಮೀಟರಿನ ತಪ್ಪೇ 50ರಷ್ಟು ಇರುತ್ತದೆ. ಹೋದವನ ಉಸಿರೂ ಬೇಗ ಹೋಗುವುದಿಲ್ಲ. ಹಾಗಾಗಿ ಇದು ಗಾಳಿಯ ಹದ ನೋಡಲು ಸೈ, ಲೈಟು ಹಾಕಲು ಅಲ್ಲ.

ಎಣಿಸಲು ಕ್ಯಾಮೆರಾ ಇದೆ, ಯಾರಿಗೂ ಬೇಡ. ಮೇಜಿನ ಅಡಿಗೆ ಸೆನ್ಸರ್ ಅಂಟಿಸಿದರೂ ಜನ ಸಹಿಸುವುದಿಲ್ಲ. 2016ರ ಜನವರಿಯಲ್ಲಿ ಲಂಡನ್ನಿನ ಒಂದು ಪತ್ರಿಕಾ ಕಚೇರಿಯಲ್ಲಿ ಹೀಗೇ ಆಯಿತು. ಸೋಮವಾರ ಬೆಳಿಗ್ಗೆ ಬಂದ ಪತ್ರಕರ್ತರಿಗೆ ತಮ್ಮ ಮೇಜಿನಡಿ ಪುಟ್ಟ ಪೆಟ್ಟಿಗೆ ಸಿಕ್ಕಿತು. ವಿದ್ಯುತ್ತು ಉಳಿಸಲು ಅಂತ ಆಡಳಿತ ಹೇಳಿತು. ಪೆಟ್ಟಿಗೆಯ ಮೇಲಿದ್ದ ಹೆಸರು ಓದಿ ಅದೇನೆಂದು ಪತ್ತೆ ಮಾಡಿದವರು ಸುಮ್ನೆ ಬಿಡಲಿಲ್ಲ, ಕೊನೆಗೆ ಪೆಟ್ಟಿಗೆಗಳನ್ನು ತೆಗೆಯಬೇಕಾಯಿತು. ಕರೆಂಟು ಉಳಿಸುವ ಯಂತ್ರಕ್ಕೂ ಹಾಜರಿ ಪುಸ್ತಕಕ್ಕೂ ನಡುವೆ ಇರುವ ಗೋಡೆ ಬಹಳ ತೆಳ್ಳಗಿದೆ. ಪತ್ರಕರ್ತರ ಸಿಟ್ಟು ನನಗೆ ಅತಿ ಅನ್ನಿಸುವುದಿಲ್ಲ.

ಕೂತವನನ್ನು ಹಿಡಿಯಲು ಈಗ ಎಲ್ಲರ ಭರವಸೆ ಪುಟ್ಟ ರೇಡಾರಿನ ಮೇಲೆ. 60 ಗಿಗಾಹರ್ಟ್ಸ್ ಅಲೆಯ ಉದ್ದ 5 ಮಿಲಿಮೀಟರ್. ಉಸಿರಾಡುವಾಗ ಎದೆ ಕೆಲವು ಮಿಲಿಮೀಟರ್ ಏರಿಳಿಯುತ್ತದೆ. ಅಲೆಯ ಉದ್ದವೂ ಎದೆಯ ಏರಿಳಿತವೂ ಹೆಚ್ಚುಕಡಿಮೆ ಒಂದೇ ಅಳತೆ. ಹಾಗಾಗಿ ಮರಳಿ ಬರುವ ಅಲೆಯಲ್ಲಿ ನಿದ್ದೆ ಮಾಡುವವನ ಉಸಿರೂ ಗೊತ್ತಾಗುತ್ತದೆ. ಇದಕ್ಕೂ ಕಾಣುವುದು ಅಲುಗಾಟವೇ. ಆದರೆ ಬದುಕಿರುವವನು ಮಾಡದೇ ಇರಲಾಗದ ಅಲುಗಾಟ.

ಅಂಥದ್ದೇ 24 ಗಿಗಾಹರ್ಟ್ಸಿನ ಒಂದು ಚಿಕ್ಕ ರೇಡಾರ್ ತಂದು ನನ್ನ ಓದುವ ಕೋಣೆಯ ಗೋಡೆಗೆ ಹಾಕಿದೆ. ಲೈಟು, ಸೀಲಿಂಗ್ ಫ್ಯಾನು ಎರಡನ್ನೂ ಅದಕ್ಕೇ ವಹಿಸಿದೆ. ಮೊದಲ ದಿನ ಒಂದು ಗಂಟೆ ಅಲುಗಾಡದೆ ಓದಿದೆ, ಲೈಟು ಆರಲಿಲ್ಲ. ಖುಷಿಯಾಯಿತು. ಎದ್ದು ಹೋಗಿ ಮಲಗಿದೆ. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದರೆ ಕೋಣೆಯಲ್ಲಿ ಇನ್ನೂ ಬೆಳಕು. ಒಳಗೆ ಯಾರೂ ಇಲ್ಲ, ಫ್ಯಾನು ಒಂದೇ ಸಮನೆ ತಿರುಗುತ್ತಿದೆ. ತಿರುಗುವ ರೆಕ್ಕೆ ಕಂಡು ಸೆನ್ಸರು ಯಾರೋ ಇದ್ದಾರೆ ಅನ್ನುತ್ತಿತ್ತು. ಯಾರೋ ಇದ್ದಾರೆ ಅಂತ ಫ್ಯಾನು ತಿರುಗುತ್ತಿತ್ತು.

ಆ ರೇಡಾರು ದೂರವನ್ನು ಮುಕ್ಕಾಲು ಮೀಟರಿನ ಪಟ್ಟಿಗಳಾಗಿ ವಿಂಗಡಿಸುತ್ತದೆ, ಯಾವ ಪಟ್ಟಿ ಬೇಡವೋ ಅದನ್ನು ಮುಚ್ಚಬಹುದು. ಫ್ಯಾನಿನ ದೂರದ ಪಟ್ಟಿಗಳನ್ನು ಮುಚ್ಚಿದೆ. ಈಗ ನಾನು ಹೋದ ಮೇಲೆ ಫ್ಯಾನು ನಿಲ್ಲುತ್ತದೆ. ಆದರೆ ನನ್ನ ಕುರ್ಚಿಯೂ ಅದೇ ದೂರದಲ್ಲಿತ್ತು, ಕೂತರೆ ನಾನೂ ಕಾಣುತ್ತಿರಲಿಲ್ಲ. ಕುರ್ಚಿಯನ್ನು ಒಂದು ಮೀಟರ್ ಈಚೆ ಎಳೆದುಕೊಂಡಿದ್ದೇನೆ. ಗಾಳಿ ಸ್ವಲ್ಪ ಕಡಿಮೆ ಬರುತ್ತದೆ.