ಅಪ್ಪನಿಗೆ ಬಾಯಿ ಕ್ಯಾನ್ಸರ್ ಬಂದರೆ ಮಕ್ಕಳಿಗೂ ಬರುತ್ತಾ?

ಪ್ರಶ್ನೆ: ಮೇಡಂ, ನಮ್ಮದು ಚನ್ನಗಿರಿ ತಾಲ್ಲೂಕು. ತಂದೆಗೆ ಹೋದ ವರ್ಷ ಬಾಯಿ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಆಗಿ, ಕರೆಂಟು ಕೊಟ್ಟು, ಈಗ ಪರವಾಗಿಲ್ಲ. ಅವರು ಬೀಡಿ ಸೇದಿದವರಲ್ಲ, ಹೊಗೆಸೊಪ್ಪು ಹಾಕಿದವರಲ್ಲ. ಎಲೆ, ಅಡಿಕೆ, ಸುಣ್ಣ ಅಷ್ಟೇ. ಈಗ ತಂಗಿಗೆ ಗಂಡು ನೋಡುತ್ತಿದ್ದೇವೆ. ಮಾತುಕತೆವರೆಗೆ ಬಂದ ಒಂದು ಸಂಬಂಧ, "ನಿಮ್ಮ ಮನೆತನದಲ್ಲಿ ಕ್ಯಾನ್ಸರ್ ಇದೆಯಂತೆ" ಅಂತ ತಪ್ಪಿಹೋಯಿತು. ಕ್ಯಾನ್ಸರ್ ಜೀನ್‌ನಿಂದ ಬರುವ ಕಾಯಿಲೆ ಅಂತ ಎಲ್ಲ ಕಡೆ ಬರೆಯುತ್ತಾರೆ. ಹಾಗಾದರೆ ಅದು ನಮ್ಮ ರಕ್ತದಲ್ಲೇ ಇದೆಯಾ? ನನಗೂ ತಂಗಿಗೂ ಬರುತ್ತಾ?

ಉತ್ತರ: ಮೊದಲು ನಿಮ್ಮ ತಂಗಿಯ ಮಾತು. ತಂದೆಯ ಬಾಯೊಳಗೆ ಹುಟ್ಟಿದ ಕ್ಯಾನ್ಸರ್ ನಿಮ್ಮ ತಂಗಿಯ ರಕ್ತದಲ್ಲಿಲ್ಲ. ನಿಮ್ಮ ರಕ್ತದಲ್ಲೂ ಇಲ್ಲ.

ನಾನು ದಾವಣಗೆರೆಯಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನೆಂಟರು, ವಿದ್ಯಾರ್ಥಿಗಳ ತಂದೆತಾಯಿ, ಮದುವೆ ಮನೆಯಲ್ಲಿ ಸಿಕ್ಕವರು, ಯಾರೇ ಆಗಲಿ, ಜಾಸ್ತಿ ಕೇಳುವುದು ಇದೇ ಪ್ರಶ್ನೆ. ಕೇಳುವಾಗ ದನಿ ತಗ್ಗಿಸುತ್ತಾರೆ. ಪಕ್ಕದವರಿಗೆ ಕೇಳಿಸಿದರೆ ಏನಾಗುತ್ತದೋ ಅನ್ನುವ ಅಳುಕು. ಆ ಅಳುಕು ಸುಮ್ನೆ ಅಲ್ಲ ಅಂತ ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ. ಒಂದು ಹುಡುಗಿಯ ಸಂಬಂಧ ತಪ್ಪಿದೆ. ಅದಕ್ಕೇ ಈ ಉತ್ತರವನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಗೊಂದಲ ಇರುವುದು ಎರಡು ಮಾತುಗಳಲ್ಲಿ. "ಜೀನ್ ಕೆಟ್ಟು ಬರುವ ಕಾಯಿಲೆ" ಒಂದು. "ವಂಶದಲ್ಲಿ ಇಳಿದು ಬರುವ ಕಾಯಿಲೆ" ಇನ್ನೊಂದು. ಕ್ಯಾನ್ಸರ್‌ಗಳೆಲ್ಲ ಮೊದಲನೆಯದು. ಎರಡನೆಯದು ನೂರಕ್ಕೆ ಐದರಿಂದ ಹತ್ತು ಮಾತ್ರ. ಬರೆಯುವ ನಾವು ಇವೆರಡನ್ನೂ ಬಿಡಿಸಿ ಹೇಳುವುದಿಲ್ಲ. ಓದುವವರು ಎರಡೂ ಒಂದೇ ಅಂದುಕೊಳ್ಳುತ್ತಾರೆ.

ಪಹಣಿ ಗೊತ್ತಲ್ಲ? ಹಿಂದೆ ಶಾನುಭೋಗರು ಕೈಯಲ್ಲೇ ಬರೆಯುತ್ತಿದ್ದರು. ಒಂದು ಪುಸ್ತಕ ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು. ಮೂಲದಲ್ಲಿ 2 ಎಕರೆ 30 ಗುಂಟೆ ಇದ್ದದ್ದು ಒಂದು ನಕಲಿನಲ್ಲಿ 2 ಎಕರೆ 20 ಗುಂಟೆ ಆಯಿತು ಅನ್ನಿ. ಆ ನಕಲು ನೋಡಿ ಬರೆದ ಎಲ್ಲದರಲ್ಲೂ 20 ಗುಂಟೆಯೇ ಇರುತ್ತದೆ. ಮೂಲ ಪುಸ್ತಕ ಮಾತ್ರ ಸರಿಯಾಗೇ ಇರುತ್ತದೆ. ಹೊಸ ಜೀವಕೋಶ ಹುಟ್ಟುವಾಗ ಜೀನ್‌ಗಳೂ ಹೀಗೇ ನಕಲಾಗುತ್ತವೆ. ನಿಮ್ಮ ತಂದೆಗೆ ಆಗಿದ್ದು ನಕಲಿನ ತಪ್ಪು, ಅದೂ ಬಾಯೊಳಗಿನ ಒಂದು ಜೀವಕೋಶದಲ್ಲಿ. ಮಕ್ಕಳಿಗೆ ಹೋಗುವುದು ವೀರ್ಯಾಣುವಿನಲ್ಲಿರುವ ಪ್ರತಿ. ಅದಕ್ಕೂ ಕೆನ್ನೆಯ ಜೀವಕೋಶಕ್ಕೂ ಸಂಬಂಧವೇ ಇಲ್ಲ. ಅದೂ ಅಲ್ಲದೆ, ನೀವಿಬ್ಬರೂ ಹುಟ್ಟಿ ಎಷ್ಟೋ ವರ್ಷ ಆದಮೇಲೆ ಕಾಣಿಸಿಕೊಂಡ ಗಡ್ಡೆ ಅದು.

ಈ ನಕಲು ಅಂದರೆ ಏನು ಅಂತ ಕಣ್ಣಿಗೆ ಕಾಣಲಿ ಅಂತ, ಹೊಸ ಬ್ಯಾಚ್ ಬಂದಾಗಲೆಲ್ಲ ನಾನು ಒಂದು ಸಣ್ಣ ಕೆಲಸ ಮಾಡಿಸುತ್ತೇನೆ. ಉಪ್ಪುನೀರು ಬಾಯಿಗೆ ಹಾಕಿಕೊಂಡು ಒಂದು ನಿಮಿಷ ಚೆನ್ನಾಗಿ ಮುಕ್ಕಳಿಸಿ ಟ್ಯೂಬಿಗೆ ಉಗಿಯಬೇಕು. ಒಳಕೆನ್ನೆಯ ಜೀವಕೋಶಗಳು ಅದರಲ್ಲಿ ಉದುರಿರುತ್ತವೆ. ಅದಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಸೋಪು. ಜೀವಕೋಶದ ಸುತ್ತ ಇರುವುದು ಜಿಡ್ಡಿನ ಪೊರೆ. ಎಣ್ಣೆ ಪಾತ್ರೆ ತೊಳೆದ ಹಾಗೆ ಸೋಪು ಅದನ್ನು ಬಿಡಿಸುತ್ತದೆ. ಆಮೇಲೆ ಫ್ರಿಜ್ಜಿನಲ್ಲಿಟ್ಟ ಆಲ್ಕೋಹಾಲನ್ನು ಟ್ಯೂಬಿನ ಗೋಡೆಗೆ ತಾಗಿಸಿ ನಿಧಾನಕ್ಕೆ ಇಳಿಸಬೇಕು. ಎರಡು ದ್ರವ ಸೇರುವಲ್ಲಿ ಬಿಳಿ ಎಳೆಗಳು ಮೇಲೇಳುತ್ತವೆ. ಹಿಂಜಿದ ಹತ್ತಿಯ ಹಾಗೆ. ಗಾಜಿನ ಕಡ್ಡಿ ತಿರುಗಿಸಿದರೆ ಅದಕ್ಕೆ ಸುತ್ತಿಕೊಳ್ಳುತ್ತವೆ. ಹತ್ತಿ ಗಿರಣಿಗಳ ಊರಲ್ಲಿ ಬೆಳೆದ ಮಕ್ಕಳು "ಮೇಡಂ, ನೂಲು!" ಅಂತಾರೆ. ಅದೇ ಡಿಎನ್ಎ. ನಕಲಾಗುವುದು ಇದೇ. ಜೀನ್ ಅಂದರೆ ಇದರ ಒಂದು ತುಂಡು.

ಒಂದು ಜೀವಕೋಶದ ಡಿಎನ್ಎಯನ್ನು ಬಿಚ್ಚಿ ಎಳೆದರೆ ಸುಮಾರು 2 ಮೀಟರ್ ಉದ್ದ. ಅದರಲ್ಲಿ ಇರುವುದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಅಪ್ಪನ ಕಡೆಯಿಂದ ಸುಮಾರು 300 ಕೋಟಿ ಅಕ್ಷರ, ಅಮ್ಮನ ಕಡೆಯಿಂದ ಅಷ್ಟೇ. ಬಾಯಿಯ ಒಳಪದರ ಯಾವಾಗಲೂ ಸವೆಯುತ್ತಿರುತ್ತದೆ. ಸುಮಾರು ಎರಡು ವಾರಕ್ಕೊಮ್ಮೆ ಹೊಸದಾಗುತ್ತದೆ. ಒಂದೊಂದು ಹೊಸ ಜೀವಕೋಶ ಹುಟ್ಟುವಾಗಲೂ ಆ 600 ಕೋಟಿ ಅಕ್ಷರ ಮತ್ತೆ ನಕಲಾಗಬೇಕು. ತಪ್ಪು ಆಗೇ ಆಗುತ್ತದೆ. ತಿದ್ದುವ ವ್ಯವಸ್ಥೆಯೂ ಒಳಗೇ ಇದೆ. ಹೆಚ್ಚಿನವು ಅಲ್ಲಲ್ಲೇ ಸರಿಯಾಗುತ್ತವೆ. ಉಳಿದ ತಪ್ಪು ಎಲ್ಲಿ ಬಿತ್ತು ಅನ್ನುವುದರ ಮೇಲೆ ಮುಂದಿನದು.

ಒಂದೇ ಅಕ್ಷರ ಎಷ್ಟು ಕೆಲಸ ಕೆಡಿಸಬಹುದು ಅಂತ ಗೊತ್ತಾಗಿದ್ದು 1982ರಲ್ಲಿ. ಮೂತ್ರಕೋಶದ ಕ್ಯಾನ್ಸರ್‌ನಿಂದ ಬಂದ ಜೀವಕೋಶಗಳಲ್ಲಿ ರಾಸ್ ಅನ್ನುವ ಜೀನ್ ಇಟ್ಟುಕೊಂಡು ಅಮೆರಿಕದ ಮೂರು ತಂಡಗಳು ಹುಡುಕಿದವು. ಮೂರಕ್ಕೂ ಸಿಕ್ಕಿದ್ದು ಒಂದೇ ಉತ್ತರ: ಜಿ ಇರಬೇಕಾದ ಕಡೆ ಟಿ. ಆ ಜೀನ್ ನೋಡಿ ಜೀವಕೋಶ ಮಾಡುವ ರಾಸ್ ಪ್ರೋಟೀನ್ ಸ್ವಿಚ್ಚಿನ ಹಾಗೆ. "ಬೆಳೆ" ಅಂತ ಹೊರಗಿನಿಂದ ಮಾತು ಬಂದಾಗ ಆನ್ ಆಗಬೇಕು, ಕೆಲಸ ಮುಗಿದ ಮೇಲೆ ಆಫ್ ಆಗಬೇಕು. ಆ ಒಂದು ಅಕ್ಷರ ಬದಲಾದರೆ ಪ್ರೋಟೀನ್ ಅನ್ನುವ ಸರದಲ್ಲಿ 12ನೇ ಮಣಿ ಗ್ಲೈಸಿನ್ ಹೋಗಿ ವ್ಯಾಲಿನ್ ಬರುತ್ತದೆ. ಸ್ವಿಚ್ಚು ಆನ್ ಆದದ್ದು ಆಫ್ ಆಗುವುದಿಲ್ಲ.

ಅಷ್ಟರಿಂದಲೇ ಕ್ಯಾನ್ಸರ್ ಆಗುವುದಿಲ್ಲ. ಕಾವಲು ಕೂಡ ಮುರಿಯಬೇಕು. ಕಾವಲಿನವರಲ್ಲಿ ದೊಡ್ಡ ಹೆಸರು ಪಿ53 ಅನ್ನುವ ಪ್ರೋಟೀನ್. ಇದರ ಕಥೆ ನನಗೆ ಬಹಳ ಇಷ್ಟ. 1979ರಲ್ಲಿ ಇದು ಕಣ್ಣಿಗೆ ಬಿದ್ದಾಗ, ಕ್ಯಾನ್ಸರ್ ಜೀವಕೋಶಗಳಲ್ಲಿ ರಾಶಿ ರಾಶಿ ಇತ್ತು. ಹಾಗಾಗಿ ಕ್ಯಾನ್ಸರ್ ತರುವುದೇ ಇದು ಅಂತ ಹತ್ತು ವರ್ಷ ನಂಬಿದ್ದರು. 1989ರ ಹೊತ್ತಿಗೆ ಗೊತ್ತಾಯಿತು, ಲ್ಯಾಬ್‌ಗಳಲ್ಲಿ ಇಟ್ಟುಕೊಂಡಿದ್ದದ್ದು ಕೆಟ್ಟುಹೋದ ಪಿ53 ಅಂತ. ಸರಿಯಾದ ಪಿ53 ಮಾಡುವ ಕೆಲಸ ಪೂರ್ತಿ ಉಲ್ಟಾ. ಡಿಎನ್ಎಗೆ ಪೆಟ್ಟಾದರೆ ಅದು ಜೀವಕೋಶವನ್ನು ನಿಲ್ಲಿಸುತ್ತದೆ. "ಮೊದಲು ರಿಪೇರಿ, ಆಮೇಲೆ ನಕಲು" ಅನ್ನುತ್ತದೆ. ರಿಪೇರಿ ಆಗದಿದ್ದರೆ ಆ ಜೀವಕೋಶ ತಾನೇ ಸಾಯುವ ಹಾಗೆ ಮಾಡುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಲ್ಲಿ ಪಿ53ರ ಈ ಒಂದು ಜೀನ್ ಕೆಟ್ಟಿರುತ್ತದೆ.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ ಹೊಂದುವ ಒಂದು ಅಧ್ಯಯನ. ನಮ್ಮ ದೇಶದ್ದೇ. ಒಸಡು ಮತ್ತು ಕೆನ್ನೆ ಸೇರುವ ಜಾಗದ ಕ್ಯಾನ್ಸರ್ ನಮ್ಮಲ್ಲಿ ಜಾಸ್ತಿ. ಎಲೆ ಅಡಿಕೆ ಒತ್ತಿ ಇಟ್ಟುಕೊಳ್ಳುವ ಜಾಗ ಅದೇ ಅಲ್ವಾ? ಪಶ್ಚಿಮ ಬಂಗಾಳದ ಕಲ್ಯಾಣಿ ಮತ್ತು ಮುಂಬೈ ಕಡೆಯ ವಿಜ್ಞಾನಿಗಳು ಸೇರಿ ಈ ಕ್ಯಾನ್ಸರ್‌ನ ಜೀನ್‌ಗಳನ್ನು ಓದಿ 2013ರಲ್ಲಿ ಪ್ರಕಟಿಸಿದರು. ಅವರು ಒಬ್ಬೊಬ್ಬ ರೋಗಿಯಿಂದಲೂ ಎರಡು ಟ್ಯೂಬ್ ತಗೊಂಡರು. ಒಂದರಲ್ಲಿ ಗಡ್ಡೆಯ ಡಿಎನ್ಎ, ಇನ್ನೊಂದರಲ್ಲಿ ಅದೇ ಮನುಷ್ಯನ ರಕ್ತದ ಡಿಎನ್ಎ. ಎರಡನ್ನೂ ಅಕ್ಷರ ಅಕ್ಷರ ಹೋಲಿಸಿದರು. ಪಿ53 ಮುರಿದಿತ್ತು, ಕೆಲವರಲ್ಲಿ ರಾಸ್ ಕೆಟ್ಟಿತ್ತು, ಇನ್ನೂ ಕೆಲವು ಹೊಸ ಜೀನ್‌ಗಳೂ ಸಿಕ್ಕವು. ಆ ತಪ್ಪುಗಳು ಇದ್ದದ್ದು ಗಡ್ಡೆಯ ಟ್ಯೂಬಿನಲ್ಲಿ. ಅದೇ ಮನುಷ್ಯನ ರಕ್ತದ ಟ್ಯೂಬಿನಲ್ಲಿ ಅಕ್ಷರ ನೆಟ್ಟಗಿತ್ತು. ತಪ್ಪು ಬಾಯಲ್ಲೇ ಆಗಿದ್ದು ಅಂತ ಗೊತ್ತಾಗುವುದು ಹೀಗೆ. ರೋಗಿಯ ರಕ್ತದಲ್ಲೇ ಇಲ್ಲದ್ದು ಮಗಳ ರಕ್ತಕ್ಕೆ ಎಲ್ಲಿಂದ ಬರಬೇಕು?

ಬಾಯಲ್ಲಿ ಆ ತಪ್ಪು ಆಗುವಂತೆ ಮಾಡಿದ್ದು ಯಾವುದು? ನೀವು ಬರೆದದ್ದರಲ್ಲೇ ಉತ್ತರ ಇದೆ. ಇದನ್ನು ಚನ್ನಗಿರಿಯವರಿಗೆ ಹೇಳುವುದು ನನಗೆ ಕಷ್ಟ. ಅಡಿಕೆ ದುಡ್ಡಿನಲ್ಲೇ ಓದಿದವಳು ನಾನೂ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ, ತಂಬಾಕು ಸೇರಿಸಿದ ಎಲೆ ಅಡಿಕೆ ಕ್ಯಾನ್ಸರ್ ತರುತ್ತದೆ, ಬರೀ ಎಲೆ ಅಡಿಕೆಯ ಬಗ್ಗೆ ಸಾಕ್ಷ್ಯ ಸಾಲದು ಅಂದಿತ್ತು. 2004ರ ವರದಿಯಲ್ಲಿ ಅಡಿಕೆಯನ್ನೇ ಮೊದಲ ಗುಂಪಿಗೆ ಸೇರಿಸಿತು. ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವುಗಳ ಗುಂಪಿಗೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ಅಡಿಕೆ ಬೇಯಿಸುವಾಗ ಚೊಗರು ಬಿಡುತ್ತದಲ್ಲ, ಆ ಒಗರಿಗೆ ಕಾರಣ ಟ್ಯಾನಿನ್ ಜಾತಿಯ ಪದಾರ್ಥಗಳು. ತೊಗಲು ಹದ ಮಾಡಲು ತಂಗಡಿ ತೊಗಟೆ ಹಾಕುತ್ತಾರಲ್ಲ, ಅದರಲ್ಲಿರುವುದೂ ಟ್ಯಾನಿನ್ನೇ. ತೊಗಲಿನ ಕೊಲಾಜನ್ ನಾರುಗಳನ್ನು ಅದು ಒಂದಕ್ಕೊಂದು ಬಿಗಿದು, ಕೊಳೆಯದ ಹಾಗೆ ಮಾಡುತ್ತದೆ. ಕೆನ್ನೆಯಲ್ಲಿ ಆಗುವುದೂ ಸುಮಾರು ಇದೇ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ಪದಾರ್ಥ ನಾರು ಹೆಚ್ಚು ಹುಟ್ಟುವ ಹಾಗೆ ಮಾಡುತ್ತದೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಜಾಸ್ತಿ. ನಾರುಗಳನ್ನು ಹೆಣೆಯುವ ಲೈಸಿಲ್ ಆಕ್ಸಿಡೇಸ್ ಅನ್ನುವ ಕಿಣ್ವಕ್ಕೆ ಬೇಕಾಗಿರುವುದು ಆ ತಾಮ್ರವೇ. ಟ್ಯಾನಿನ್ ಆ ಹೆಣಿಗೆಯನ್ನು ಗಟ್ಟಿ ಮಾಡುತ್ತದೆ. ವರ್ಷಗಳು ಕಳೆದಂತೆ ಕೆನ್ನೆ ಬಿಗಿಯಾಗುತ್ತದೆ, ಬಿಳಿಚಿಕೊಳ್ಳುತ್ತದೆ, ಖಾರ ತಿಂದರೆ ಉರಿಯುತ್ತದೆ, ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುವುದು ಇದಕ್ಕೇ. ಕ್ಯಾನ್ಸರ್ ಬರುವ ಮೊದಲು ಬಾಯಿ ಕೊಡುವ ಎಚ್ಚರಿಕೆ ಇದು.

ಸುಣ್ಣದ ಪಾತ್ರ ಬೇರೆ. ಸುಣ್ಣ ಸೇರಿದಾಗ ಅಡಿಕೆಯ ಒಗರು ಪದಾರ್ಥಗಳಿಂದ ಆಮ್ಲಜನಕದ ಚುರುಕು ತುಣುಕುಗಳು ಹುಟ್ಟುತ್ತವೆ. ಅವು ಡಿಎನ್ಎ ಅಕ್ಷರಗಳನ್ನು ಸುಟ್ಟು ಕೆಡಿಸುತ್ತವೆ. ಅರೆಕೋಲಿನ್‌ನಿಂದ ಬಾಯಲ್ಲೇ ನೈಟ್ರೋಸಮೀನ್ ಅನ್ನುವ ವಿಷಗಳೂ ಆಗುತ್ತವೆ. ದಿನಕ್ಕೆ ಐದಾರು ಸಲ, ಇಪ್ಪತ್ತು ಮೂವತ್ತು ವರ್ಷ, ಒಂದೇ ಕೆನ್ನೆ. ಅಲ್ಲಿ ನಕಲು ಮಾಡುತ್ತಿರುವ ಜೀವಕೋಶಗಳ ಗತಿ ನೆನೆಸಿಕೊಳ್ಳಿ.

ಹಾಗಾದರೆ ಕೆಲವು ಮನೆಗಳಲ್ಲಿ ಅಪ್ಪ, ದೊಡ್ಡಪ್ಪ, ಅಜ್ಜಿ ಎಲ್ಲರಿಗೂ ಬಾಯಿ ಕ್ಯಾನ್ಸರ್ ಬಂದಿರುತ್ತದಲ್ಲ ಅಂತ ಕೇಳುತ್ತೀರಿ. ಆ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಎಲೆ ಅಡಿಕೆ ತಟ್ಟೆಯನ್ನು. ಇನ್ನೊಂದು ಮಾತನ್ನು ಮುಚ್ಚಿಡುವುದಿಲ್ಲ. ಬಾಯಿ, ಗಂಟಲ ಕ್ಯಾನ್ಸರ್ ಆದವರ ಹತ್ತಿರದ ಸಂಬಂಧಿಗಳಿಗೆ ಅಪಾಯ ಸ್ವಲ್ಪ ಜಾಸ್ತಿ ಅಂತ ಅಧ್ಯಯನಗಳು ತೋರಿಸಿವೆ. ಆದರೆ ಅದು ಎದ್ದು ಕಾಣುವುದು ತಂಬಾಕು, ಕುಡಿತ ಇರುವವರಲ್ಲೇ. ಯಾವ ಚಟವೂ ಇಲ್ಲದ ಮಕ್ಕಳು ಬರೀ ಮಕ್ಕಳು ಅನ್ನುವ ಕಾರಣಕ್ಕೆ ಹೆದರಬೇಕಾಗಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಇದು ಅಂಟುವ ಕಾಯಿಲೆ ಅಲ್ಲ.

ಮೂಲ ಪುಸ್ತಕದಲ್ಲೇ ತಪ್ಪು ಇರುವ ಕ್ಯಾನ್ಸರ್‌ಗಳೂ ಇವೆ. ಚಿಕ್ಕ ಮಕ್ಕಳ ಕಣ್ಣಿಗೆ ಬರುವ ರೆಟಿನೋಬ್ಲಾಸ್ಟೋಮಾ ಒಂದು. ಅಮೆರಿಕದ ವೈದ್ಯ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಇಂಥ 48 ಮಕ್ಕಳ ಲೆಕ್ಕ ಕೂತು ನೋಡಿದರು. ಎರಡೂ ಕಣ್ಣಿಗೆ ಬಂದ ಮಕ್ಕಳಲ್ಲಿ ಅದು ಬೇಗ ಬಂದಿತ್ತು. ಒಂದೇ ಕಣ್ಣಿಗೆ ಬಂದವರಲ್ಲಿ ತಡವಾಗಿ. ಕಾವಲಿನ ಜೀನ್ ನಮ್ಮಲ್ಲಿ ಎರಡು ಪ್ರತಿ ಇರುತ್ತದೆ, ಎರಡೂ ಕೆಡಬೇಕು; ಕೆಲವು ಮಕ್ಕಳು ಒಂದು ಕೆಟ್ಟ ಪ್ರತಿಯನ್ನು ಹೊತ್ತುಕೊಂಡೇ ಹುಟ್ಟುತ್ತಾರೆ ಅಂತ ಅವರು ಹೇಳಿದರು. ಜೀನ್ ಕೈಗೆ ಸಿಗುವ ಎಷ್ಟೋ ಮೊದಲೇ ಬರೀ ಲೆಕ್ಕದಿಂದ ಹೇಳಿದ ಮಾತು ಅದು. ಫೋಟೋದಲ್ಲಿ ಮಗುವಿನ ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ತಡ ಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಕೆಲವು ಬಿಆರ್‌ಸಿಎ ಜೀನ್‌ಗಳಿಂದ ಬರುತ್ತವೆ. ಇವನ್ನು ತಾಯಿ ಮಾತ್ರ ಅಲ್ಲ, ತಂದೆಯೂ ದಾಟಿಸಬಹುದು. ಒಂದೇ ಕಡೆಯ ಸಂಬಂಧಿಗಳಲ್ಲಿ ಇಬ್ಬರು ಮೂವರಿಗೆ ಒಂದೇ ತರಹದ ಕ್ಯಾನ್ಸರ್ ಬಂದಿದ್ದರೆ, ಐವತ್ತರೊಳಗೆ ಬಂದಿದ್ದರೆ, ಎರಡೂ ಸ್ತನಕ್ಕೆ ಬಂದಿದ್ದರೆ, ಗಂಡಸಿಗೆ ಸ್ತನ ಕ್ಯಾನ್ಸರ್ ಆಗಿದ್ದರೆ ಡಾಕ್ಟರ ಹತ್ತಿರ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ವಂಶದ ಕಾಯಿಲೆಯ ಬಗ್ಗೆ ಸಲಹೆ, ಬೇಕಾ ಅಂತ ಕೇಳಿ. ಅಂಥ ಮನೆಯ ಹುಡುಗಿಯನ್ನೂ ಬೇಡ ಅನ್ನಬೇಕಾಗಿಲ್ಲ. ಅವಳಿಗೆ ಬೇಕಾಗಿರುವುದು ಹೊತ್ತಿಗೆ ಸರಿಯಾದ ತಪಾಸಣೆ.

ನಿಮ್ಮ ಮನೆಯದು ಇದ್ಯಾವುದೂ ಅಲ್ಲ. ಮುಂದೆ ಬರುವ ಗಂಡಿನ ಕಡೆಯವರು ಕೇಳಿದರೆ ಮುಚ್ಚಿಡಬೇಡಿ. "ಅಪ್ಪನಿಗೆ ಅಡಿಕೆಯಿಂದ ಬಂದಿತ್ತು, ಮಕ್ಕಳಿಗೆ ಇಳಿಯುವಂಥದ್ದಲ್ಲ" ಅಂತ ನೇರವಾಗಿ ಹೇಳಿ. ಈ ಬರಹವನ್ನೇ ಕೈಗೆ ಕೊಟ್ಟರೂ ನನಗೆ ಸಂತೋಷ.

ತಂದೆಯವರು ಮತ್ತೆ ಅಡಿಕೆ ಬಾಯಿಗೆ ಹಾಕಬಾರದು. ಗಡ್ಡೆ ತೆಗೆದರೂ ಸುತ್ತಲಿನ ಪದರದಲ್ಲಿ ಅರ್ಧಂಬರ್ಧ ತಪ್ಪುಗಳಿರುವ ಜೀವಕೋಶಗಳು ಉಳಿದಿರಬಹುದು. ಡಾಕ್ಟರು ಹೇಳಿದ ದಿನಕ್ಕೆ ಚೆಕಪ್‌ಗೆ ತಪ್ಪದೆ ಕರೆದುಕೊಂಡು ಹೋಗಿ.

ನೀವು ಅಡಿಕೆ ಹಾಕುತ್ತೀರೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ಹಾಕುತ್ತಿದ್ದರೆ ಇವತ್ತು ಕನ್ನಡಿ ಮುಂದೆ ನಿಂತು ಬಾಯಿ ಪೂರ್ತಿ ತೆರೆಯಿರಿ. ನಿಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ನಿಲ್ಲಿಸಿ, ಮುಂದಿನ ಹಲ್ಲುಗಳ ನಡುವೆ ಹೋಗುತ್ತವಾ ನೋಡಿ. ಟಾರ್ಚ್ ಹಾಕಿ ಎರಡೂ ಕೆನ್ನೆಯ ಒಳಗೆ, ನಾಲಿಗೆಯ ಬದಿ, ನಾಲಿಗೆಯ ಕೆಳಗೆ ನೋಡಿ. ಬೆರಳು ಹೋಗದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು ಮೂರು ವಾರವಾದರೂ ಮಾಯದ ಹುಣ್ಣಿದ್ದರೆ ದಾವಣಗೆರೆಗೆ ಬನ್ನಿ. ಇಲ್ಲಿ ಎರಡು ದಂತ ಕಾಲೇಜುಗಳಿವೆ. ನೋವಿಲ್ಲ ಅಂತ ಸುಮ್ಮನಿರಬೇಡಿ. ಶುರುವಿನಲ್ಲಿ ಬಾಯಿ ಕ್ಯಾನ್ಸರ್ ಸಾಮಾನ್ಯವಾಗಿ ನೋಯುವುದಿಲ್ಲ.