ಓದುಗರ ಪ್ರಶ್ನೆ: ಗಾಯದ ನಂಜು ಜೀವಕೋಶದ ಒಳಗೆ ಹೋಗುತ್ತದೆಯೇ?

ಪ್ರಶ್ನೆ: ಅಡಿಕೆ ಸುಲಿಯುವಾಗ ಕತ್ತಿ ತಾಗಿದ ಹೆಬ್ಬೆರಳು ಮರುದಿನ ಕೆಂಪಾಗಿ ಊದಿಕೊಂಡಿತು. ರಕ್ಷಣಾ ಕೋಶದ ಗ್ರಾಹಕ ನಂಜನ್ನು ಒಳಗೆ ಬಿಟ್ಟುಕೊಳ್ಳುವುದರಿಂದ ಹೀಗಾಗುತ್ತದೆ ಎಂದು ಹತ್ತನೆಯಲ್ಲಿ ಓದುವ ಮಗಳು ಹೇಳುತ್ತಾಳೆ. ಬಿಟ್ಟುಕೊಳ್ಳುವುದಾದರೂ ಯಾಕೆ?
– ಮುಳ್ಳೇರಿಯದ ಓದುಗರೊಬ್ಬರು

ಬಿಟ್ಟುಕೊಳ್ಳುವುದಿಲ್ಲ. ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಪ್ರತಿ ಮಳೆಗಾಲ ಬರುತ್ತದೆ, ಪ್ರತಿ ಸಲ ಇದೇ ಉತ್ತರ ಬರೆಯುತ್ತೇನೆ. ಈ ಸಲ ಸ್ವಲ್ಪ ವಿವರವಾಗಿ ಬರೆದುಬಿಡುತ್ತೇನೆ.

ತಪ್ಪು ಮಗಳದ್ದಲ್ಲ, ಆ ಪದದ್ದು. ಗ್ರಾಹಕ ಅಂದ ಕೂಡಲೇ ರೇಷನ್ ಅಂಗಡಿಯಿಂದ ಅಕ್ಕಿ ಚೀಲ ಹೊತ್ತು ಮನೆಗೆ ಹೋಗುವವರ ನೆನಪಾಗುತ್ತದೆ. ತೆಗೆದುಕೊಂಡವನು ಒಳಗೆ ಒಯ್ಯಲೇಬೇಕಲ್ಲ ಎಂದು ಮಕ್ಕಳು ಊಹಿಸಿಕೊಳ್ಳುತ್ತಾರೆ. ಪಾಠ ಮಾಡುತ್ತಿದ್ದ ಕಾಲದಲ್ಲೇ ನಾನು ಆ ಪದ ಬಿಟ್ಟು ‘ರಿಸೆಪ್ಟರ್’ ಎಂದೇ ಹೇಳತೊಡಗಿದ್ದು ಇದೇ ಕಾರಣಕ್ಕೆ.

ಜಂಬರದ ಊಟ ನೆನಪಿಸಿಕೊಳ್ಳಿ. ಎಲೆಯ ಮುಂದೆ ಕೂತವರು ಸಾರು ಕೇಳುತ್ತಾರೆ. ಬಡಿಸುವವ ಹಿಂದಿನವನಿಗೆ ಕೂಗಿ ಹೇಳುತ್ತಾನೆ, ಅವನು ಅಡುಗೆಮನೆ ಬಾಗಿಲಲ್ಲಿ ನಿಂತವನಿಗೆ. ಕೇಳಿದವರು ಎಲೆ ಬಿಟ್ಟು ಏಳುವುದಿಲ್ಲ. ಒಲೆಯ ತನಕ ಹೋಗುವುದು ಮಾತು ಮಾತ್ರ.

ಈಗ ಬೆರಳಿಗೆ ಬರೋಣ. ಹಟ್ಟಿಗೊಬ್ಬರ ಮುಟ್ಟಿದ ಕೈ, ಗಾಯಕ್ಕೆ ಇ. ಕೋಲಿಯಂಥ ಬ್ಯಾಕ್ಟೀರಿಯಾ ಸೇರಿತು ಎನ್ನಿ. ಅದರ ಹೊರಗೋಡೆಯಲ್ಲಿ ಎಲ್‌ಪಿಎಸ್ ಎಂಬ ಜಿಡ್ಡಿನ ಅಂಶವಿದೆ, ಅದಕ್ಕೆ ಆರು ಕೊಬ್ಬಿನ ಬಾಲಗಳು. ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶದ ಪೊರೆಯಲ್ಲಿ ಟಿಎಲ್‌ಆರ್-4 ಎಂಬ ರಿಸೆಪ್ಟರ್ ಇದೆ. ಹೊರಗಿನ ಅರ್ಧ ಎತ್ತಿನ ಲಾಳದಂತೆ ಬಾಗಿದೆ, ಒಳಗೆ ಒಂದು ಚಿಕ್ಕ ತುದಿ. ಪಕ್ಕದಲ್ಲೇ ಎಂಡಿ-2 ಎಂಬ ಪುಟ್ಟ ಪ್ರೋಟೀನು, ಅದರಲ್ಲೊಂದು ಪೊಟರೆ. ಎಲ್‌ಪಿಎಸ್‌ನ ಐದು ಬಾಲಗಳು ಆ ಪೊಟರೆಗೆ ಇಳಿಯುತ್ತವೆ. ಆರನೆಯದು ಹೊರಗೇ ಉಳಿದು ಪಕ್ಕದ ಇನ್ನೊಂದು ಟಿಎಲ್‌ಆರ್-4ಕ್ಕೆ ತಾಗುತ್ತದೆ. ಎರಡೂ ಜೋಡಿಯಾಗುತ್ತವೆ. ಹೊರಗೆ ಜೋಡಿಯಾದರೆ ಒಳಗಿನ ತುದಿಗಳೂ ಹತ್ತಿರವಾಗಲೇಬೇಕು. ಸುದ್ದಿ ಪೊರೆ ದಾಟುವುದು ಹೀಗೆ.

ಹತ್ತಿರ ಬಂದ ತುದಿಗಳಿಗೆ ಮೈಡಿ88 ಎಂಬ ಪ್ರೋಟೀನು ಅಂಟಿಕೊಳ್ಳುತ್ತದೆ, ಅದರ ಮೇಲೆ ಐರಾಕ್‌ಗಳು, ನಂತರ ಟ್ರಾಫ್6. ಕೊನೆಗೆ ಐಕೆಕೆ ಎಂಬ ಕಿಣ್ವ ಎಚ್ಚರವಾಗುತ್ತದೆ. ಈ ಹೆಸರುಗಳನ್ನು ಉರು ಹೊಡೆಯಬೇಕಾಗಿಲ್ಲ. ತಿಳಿಯಬೇಕಾದದ್ದು ಎನ್‌ಎಫ್-ಕಪ್ಪಾ ಬಿ ಎಂಬ, ಜೀನುಗಳನ್ನು ಚಾಲೂ ಮಾಡುವ ಪ್ರೋಟೀನು. ಇದು ಸಿದ್ಧವಾಗಿಯೇ ಇರುತ್ತದೆ, ಆದರೆ ಐ-ಕಪ್ಪಾ ಬಿ ಎಂಬ ಇನ್ನೊಂದು ಪ್ರೋಟೀನು ಅದನ್ನು ಹಿಡಿದಿಟ್ಟಿರುತ್ತದೆ. ಐಕೆಕೆ ಆ ಹಿಡಿದವನ ಮೇಲೆ ಫಾಸ್ಫೇಟಿನ ಗುರುತು ಹಾಕುತ್ತದೆ, ಗುರುತು ಬಿದ್ದದ್ದನ್ನು ಕೋಶ ಒಡೆದುಹಾಕುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾ ಬಿ ಕೋಶಕೇಂದ್ರಕ್ಕೆ ಹೋಗಿ ಟಿಎನ್‌ಎಫ್, ಐಎಲ್-6ರಂಥ ಸುದ್ದಿ ಒಯ್ಯುವ ಪ್ರೋಟೀನುಗಳ ಜೀನುಗಳನ್ನು ಚಾಲೂ ಮಾಡುತ್ತದೆ. ಈ ಪ್ರೋಟೀನುಗಳು ಹೊರಬಂದ ಮೇಲೆ ರಕ್ತನಾಳ ಹಿಗ್ಗುತ್ತದೆ, ನೀರಂಶ ಸೋರುತ್ತದೆ. ನಿಮ್ಮ ಹೆಬ್ಬೆರಳಿನ ಕೆಂಪು, ಬಿಸಿ, ಊತ ಇದೇ. ನಂಜು ಮಾಡಿದ್ದಲ್ಲ, ನಿಮ್ಮದೇ ಕೋಶಗಳು ಮಾಡಿದ್ದು.

ನಂಬಲು ಸಾಕ್ಷಿ ಬೇಕಲ್ಲ. ಮೊದಲನೆಯದು, ಸತ್ತ ಬ್ಯಾಕ್ಟೀರಿಯಾ ಸಾಕು. ನೀರು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಎಲ್‌ಪಿಎಸ್ ಹಾಳಾಗುವುದಿಲ್ಲ. ಆ ನೀರು ರಕ್ತಕ್ಕೆ ಸೇರಿದರೆ ಜ್ವರ ಬರುತ್ತದೆ. ಇಂಜೆಕ್ಷನ್ ತಯಾರಿಸುವಲ್ಲಿ ಗಾಜಿನ ಸೀಸೆಗಳನ್ನು 250 ಡಿಗ್ರಿಯಷ್ಟು ಬಿಸಿ ಮಾಡುವುದು ಇದಕ್ಕೇ. ಸತ್ತದ್ದು ನುಗ್ಗುವುದೆಲ್ಲಿ?

ಎರಡನೆಯದು ನನಗೆ ಬಹಳ ಪ್ರಿಯವಾದ ಸಾಕ್ಷಿ. ಸಿ3ಎಚ್/ಎಚ್‌ಇಜೆ ಎಂಬ ತಳಿಯ ಪ್ರಯೋಗಾಲಯದ ಇಲಿಗಳಿವೆ. ಬೇರೆ ಇಲಿಗಳನ್ನು ಕೊಲ್ಲುವಷ್ಟು ಎಲ್‌ಪಿಎಸ್ ಚುಚ್ಚಿದರೂ ಇವಕ್ಕೆ ಏನೂ ಆಗುವುದಿಲ್ಲ. ಇದು 1960ರ ದಶಕದಿಂದ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. 1998ರಲ್ಲಿ ವಿಜ್ಞಾನಿ ಬ್ರೂಸ್ ಬಾಯ್ಟ್ಲರ್ ತಂಡ ಕಾರಣ ಹುಡುಕಿತು: ಟಿಎಲ್‌ಆರ್-4ರ 712ನೆಯ ಜಾಗದಲ್ಲಿ ಪ್ರೋಲೀನ್ ಬದಲು ಹಿಸ್ಟಿಡೀನ್. ಒಂದೇ ಒಂದು ಅಮೈನೊ ಆಮ್ಲ. ಅದಿರುವುದು ಎಲ್ಲಿ? ಒಳಗಿನ ತುದಿಯಲ್ಲಿ! ಹೊರಗಿನ ಲಾಳ ಸರಿಯಾಗಿದೆ, ಎಲ್‌ಪಿಎಸ್ ಕೂರುವ ಜಾಗ ಸರಿಯಾಗಿದೆ. ರಿಸೆಪ್ಟರ್ ಬರೀ ಬಾಗಿಲಾಗಿದ್ದರೆ ನಂಜು ಒಳಗೆ ಹೋಗಲು ಯಾವ ಅಡ್ಡಿಯೂ ಇರಲಿಲ್ಲ. ಕೆಟ್ಟದ್ದು ಮಾತು ದಾಟಿಸುವ ಕೊಂಡಿ. ಬಾಯ್ಟ್ಲರ್‌ಗೆ 2011ರಲ್ಲಿ ನೊಬೆಲ್ ಬಂತು. ನೊಣಗಳಲ್ಲಿ ಟೋಲ್ ಎಂಬ ಇದರ ಬಂಧುವಿನ ಕೆಲಸ ತೋರಿಸಿದ ಜೂಲ್ಸ್ ಹಾಫ್‌ಮನ್ ಕೂಡ ಅದರಲ್ಲಿ ಪಾಲುದಾರರು.

ಮ್ಯಾಕ್ರೊಫೇಜ್ ಬ್ಯಾಕ್ಟೀರಿಯಾವನ್ನು ನುಂಗುತ್ತದಲ್ಲ ಎಂದು ಮಗಳು ಕೇಳಿಯಾಳು. ನುಂಗುತ್ತದೆ, ಅದು ಬೇರೆ ಕೆಲಸ. ನುಂಗಿದ್ದು ಒಂದು ಚೀಲದೊಳಗೇ ಇರುತ್ತದೆ. ಆ ಚೀಲದ ಗೋಡೆಯಲ್ಲೂ ಟಿಎಲ್‌ಆರ್-9ರಂಥ ರಿಸೆಪ್ಟರ್‌ಗಳಿವೆ. ಅಲ್ಲಿಯೂ ದಾಟುವುದು ಸುದ್ದಿಯೇ.

ನೀವು ಕೇಳದ ಒಂದು ವಿಷಯ. ತೋಟದಲ್ಲಿ ದುಡಿಯುವ ನಮಗೆ ಇಲಿಜ್ವರದ ಭಯ ಇದ್ದದ್ದೇ. ಅದನ್ನು ತರುವ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾಕ್ಕೂ ಎಲ್‌ಪಿಎಸ್ ಇದೆ, ಆದರೆ ಅದರ ರಚನೆ ಬೇರೆ. ಮನುಷ್ಯರ ಟಿಎಲ್‌ಆರ್-4 ಅದನ್ನು ಗುರುತಿಸುವುದಿಲ್ಲ. ಗುರುತಿಸುವ ಕೆಲಸ ಟಿಎಲ್‌ಆರ್-2ರ ಪಾಲಿಗೆ ಬರುತ್ತದೆ. ಇಲಿಯ ಟಿಎಲ್‌ಆರ್-4 ಗುರುತಿಸುತ್ತದೆ. ಮೇಲೆ ಹೇಳಿದ ತಳಿಯ ಮರಿ ಇಲಿಗಳಿಗೆ ಮಾತ್ರ, ಆ ಕೊಂಡಿ ಕೆಟ್ಟಿರುವುದರಿಂದ, ಲೆಪ್ಟೋಸ್ಪೈರಾ ಪ್ರಾಣಕ್ಕೇ ಬರುತ್ತದೆ. ಈ ರೋಗಾಣು ಗಾಯದ ಮೂಲಕವೂ ಮೈಗೆ ಹೊಗುತ್ತದೆ. ನಿಮ್ಮ ಹೆಬ್ಬೆರಳು ಒಣಗುವ ತನಕ ಕೆಸರಿಗೆ ಕೈ ಹಾಕಬೇಡಿ, ಹಾಕಲೇಬೇಕಾದರೆ ಗ್ಲೌಸ್ ಇರಲಿ. ಜ್ವರದ ಜತೆ ಮೀನಖಂಡ ನೋಯತೊಡಗಿದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ, ಕೈಗೆ ಗಾಯವಾಗಿತ್ತು ಎಂದು ಹೇಳಿ.